ವಿ-2 ರಾಕೆಟ್ ಮಾದರಿ: ಮೂರು ಅಳತೆ, ಮೂರು ಬಗೆಯ ಬಣ್ಣ, ಮಲೆನಾಡಿನ ಥಂಡಿ

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಹಾರಿಸಿದ ವಿ-2 ರಾಕೆಟ್ಟಿನ ಪ್ಲಾಸ್ಟಿಕ್ ಕಿಟ್ ನೋಡಲು ಸಲೀಸು. ಎರಡು ಹೋಳಿನ ಒಡಲು, ನಾಲ್ಕು ರೆಕ್ಕೆ, ಬಾಲದ ಬಾಯಲ್ಲಿ ನಾಲ್ಕು ಪುಟ್ಟ ಅಲಗು, ಅಷ್ಟೇ. ವಿಮಾನದ ಕಿಟ್ಟಿನಲ್ಲಿ ಕಣ್ಣು ಗಾಲಿಯತ್ತ, ಪೈಲಟ್ಟಿನತ್ತ ಹೋಗುತ್ತದೆ. ಇಲ್ಲಿ ಹೋಗಲು ಬೇರೆ ಜಾಗವೇ ಇಲ್ಲ. ಜೋಡಿನ ಗೆರೆ ಕೂದಲೆಳೆಯಷ್ಟು ಉಳಿದರೂ ಕಾಣುತ್ತದೆ, ಬಣ್ಣ ಮಂಕಾದರೂ ಕಾಣುತ್ತದೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಹವೆಯಲ್ಲಿ ಬೇರೆಬೇರೆ ಅಳತೆ, ಬೇರೆಬೇರೆ ಬಣ್ಣ ಪ್ರಯೋಗಿಸಿ ನೋಡಿ ಬರೆದ ಹೋಲಿಕೆ ಇದು. ಯಾವ ಅಳತೆ ಕೊಂಡಿರಿ ಎನ್ನುವುದಕ್ಕಿಂತ ಬಣ್ಣ ಹೇಗೆ ಹಚ್ಚಿದಿರಿ ಎನ್ನುವುದೇ ಇಲ್ಲಿ ಮುಖ್ಯ. ಹೇಗೆ ಹಚ್ಚಬೇಕೆಂಬುದನ್ನು ನಮ್ಮಲ್ಲಿ ಮಳೆಯೇ ನಿರ್ಧರಿಸುತ್ತದೆ.

ಮೊದಲು ಅಳತೆ. ನಿಜವಾದ ವಿ-2 ಸುಮಾರು 14 ಮೀಟರ್ ಎತ್ತರ, 1.65 ಮೀಟರ್ ವ್ಯಾಸ. 1:72ರಲ್ಲಿ, ಅಂದರೆ ನಿಜದ 72ನೇ ಒಂದು ಪಾಲಿನ ಅಳತೆಯಲ್ಲಿ, ಅದು 19.5 ಸೆಂ.ಮೀ., 1:48ರಲ್ಲಿ 29 ಸೆಂ.ಮೀ., 1:35ರಲ್ಲಿ 40 ಸೆಂ.ಮೀ. ಆಗುತ್ತದೆ. 1:72 ಅಗ್ಗ, ಬೇಗ ಮುಗಿಯುತ್ತದೆ, ಮೊದಲ ಕಿಟ್ಟಿಗೆ ಒಳ್ಳೆಯದು. ಆದರೆ ಒಡಲು 23 ಮಿ.ಮೀ. ದಪ್ಪ ಮಾತ್ರ, ಹಾಗಾಗಿ ಉಜ್ಜುವಾಗ ಸ್ವಲ್ಪ ಒತ್ತಿದರೂ ದುಂಡು ಹೋಗಿ ಚಪ್ಪಟೆಯಾಗುತ್ತದೆ. ರಾಕೆಟ್ ಒಂದನ್ನೇ ನಿಲ್ಲಿಸುವುದಾದರೆ ನಮ್ಮ ಆಯ್ಕೆ 1:48. ಕೈಗೆ ಹಿಡಿತ ಸಿಗುತ್ತದೆ, ಮನೆಯ ಶೋಕೇಸಿನಲ್ಲೂ ಕೂರುತ್ತದೆ. 1:35ಕ್ಕೆ ಬೆಲೆ ಬರುವುದು ರಾಕೆಟ್ಟನ್ನು ಸಾಗಿಸಿ ಎತ್ತಿ ನಿಲ್ಲಿಸುತ್ತಿದ್ದ ಮೈಲರ್‌ವಾಗನ್ ಗಾಡಿಯ ಜೊತೆ ಇಟ್ಟಾಗ. ಟಾಕಮ್‌ನವರ ಕಿಟ್ಟಿನಲ್ಲಿ ಆ ಗಾಡಿಯೂ ಅದನ್ನು ಎಳೆಯುವ ಹನೊಮಾಗ್ ಟ್ರಾಕ್ಟರೂ ಒಟ್ಟಿಗೇ ಇವೆ. ಎಲ್ಲ ಸಾಲಾಗಿ ನಿಂತರೆ 60 ಸೆಂ.ಮೀ. ಮೀರುವುದರಿಂದ ಜಾಗ ಅಳೆದುಕೊಂಡೇ ಕೊಳ್ಳಿ.

ಅಂಟಿನ ವಿಷಯದಲ್ಲಿ ನಮಗೆ ಅನುಮಾನವಿಲ್ಲ. ಒಡಲಿಗೆ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ತೆಳು ಸಿಮೆಂಟ್ ಬೇಕು, ಸೂಪರ್ ಗ್ಲೂ ಬೇಡ. ಎರಡು ಹೋಳನ್ನು ಹಿಡಿದು ಸಂದಿಗೆ ಬ್ರಷ್ ತಾಗಿಸಿದರೆ ಸಿಮೆಂಟ್ ತಾನೇ ಒಳಗೆ ಹರಿಯುತ್ತದೆ. ಅರೆಗಳಿಗೆ ಬಿಟ್ಟು ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಸಣ್ಣ ಏರಿಯಂತೆ ಹೊರಗೆ ಉಬ್ಬಬೇಕು. ಆ ಏರಿಯೇ ಪುಟ್ಟಿಯ ಕೆಲಸ ಮಾಡುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಎರಡು ದಿನ ಮುಟ್ಟಬೇಡಿ. ಆತುರಪಟ್ಟು ಉಜ್ಜಿದರೆ ಮೆತ್ತಗಿದ್ದ ಪ್ಲಾಸ್ಟಿಕ್ ಆಮೇಲೆ ಕುಗ್ಗಿ, ಬಣ್ಣ ಹಚ್ಚಿದ ವಾರದಲ್ಲಿ ಗೆರೆ ಮತ್ತೆ ಎದ್ದು ಬರುತ್ತದೆ. ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು. ಆರಿದ್ರೆ, ಪುಷ್ಯ ಮಳೆಯ ಹೊತ್ತಿಗೆ ಕೈಯಲ್ಲಿ ಹಿಡಿಯುವ ಮೊದಲೇ ಹಿಡಿದುಬಿಡುತ್ತದೆ, ಸುತ್ತ ಬೂದಿ ಬಳಿದ ಹಾಗೆ ಬಿಳಿ ಪೊರೆಯನ್ನೂ ಬಿಡುತ್ತದೆ. ಸಣ್ಣ ಗುಳಿ ತುಂಬಲು ಮಾತ್ರ ಅದನ್ನು ಬಳಸಿ, ಕಲ್ಲಾಗುವ ಮುಂಚೆ ಒಂದು ಗಂಟೆಯೊಳಗೆ ಉಜ್ಜಿಬಿಡಿ.

ಹೋಳುಗಳನ್ನು ಮುಚ್ಚುವ ಮುನ್ನ ಬಾಲದೊಳಗೆ ಒಂದೆರಡು ಕಬ್ಬಿಣದ ನಟ್ ಅಂಟಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಫ್ಯಾನ್ ಗಾಳಿಗೇ ಬೀಳುತ್ತದೆ. ಉಜ್ಜಲು 400, 600, 1000 ನಂಬರಿನ ವಾಟರ್ ಪೇಪರನ್ನು ನೀರಲ್ಲಿ ಅದ್ದಿ, ಮೆತ್ತನೆಯ ಸ್ಪಂಜಿಗೆ ಸುತ್ತಿ, ಗೆರೆಯ ಉದ್ದಕ್ಕಲ್ಲದೆ ಒಡಲಿನ ಸುತ್ತ ಎಳೆಯಿರಿ. ಆಮೇಲೆ ಬೂದು ಪ್ರೈಮರ್ ಒಂದು ಕೈ. ಉಳಿದ ಗೆರೆ ಕಣ್ಣಿಗೆ ಬೀಳುವುದು ಆಗಲೇ. ರೆಕ್ಕೆಗಳಿಗೆ ರಟ್ಟಿನ ಮೇಲೆ ಸರಿಯಾದ ಕೂಡುಗೆರೆ (+) ಎಳೆದು ಸೀಳು ಕೊರೆದರೆ ನಾಲ್ಕೂ 90 ಡಿಗ್ರಿಯಲ್ಲಿ ನಿಲ್ಲುತ್ತವೆ. ನಿಜವಾದ ರಾಕೆಟ್ಟೂ ಉಡಾವಣಾ ಪೀಠದ ಮೇಲೆ ನಾಲ್ಕು ರೆಕ್ಕೆಯ ಬುಡದಲ್ಲೇ ನಿಲ್ಲುತ್ತಿತ್ತು. ಹಾಗಾಗಿ ಒಂದು ರೆಕ್ಕೆ ಗಿಡ್ಡವಾದರೂ ಇಡೀ ರಾಕೆಟ್ ವಾಲುತ್ತದೆ.

ಈಗ ಬಣ್ಣ. ಯಾವ ರಾಕೆಟ್ಟನ್ನು ಮಾಡುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ಜರ್ಮನಿಯ ರಾಕೆಟ್ ಪರೀಕ್ಷಾ ಕೇಂದ್ರವಾಗಿದ್ದ ಪೀನೆಮುಂಡೆಯ ಪರೀಕ್ಷಾ ರಾಕೆಟ್ಟುಗಳಿಗೆ ಕಪ್ಪು-ಬಿಳುಪು ಪಟ್ಟೆ ಬಳಿಯುತ್ತಿದ್ದರು. ಹಾರುವಾಗ ರಾಕೆಟ್ ತನ್ನ ಸುತ್ತ ತಿರುಗುತ್ತಿದೆಯೇ ಎಂದು ಕ್ಯಾಮೆರಾಗೆ ತಿಳಿಯಲೆಂದು ಹಾಗೆ. 1942ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಸರಿಯಾಗಿ ಹಾರಿದ್ದು ಈ ಸಾಲಿನದು. 1944ರ ಸೆಪ್ಟೆಂಬರಿನಿಂದ ಪ್ಯಾರಿಸ್, ಲಂಡನ್ ಮೇಲೆ ಬಿದ್ದವಕ್ಕೆ ಕ್ಯಾಮಫ್ಲಾಜ್ (ಶತ್ರುವಿನ ಕಣ್ಣು ತಪ್ಪಿಸುವ ಬಣ್ಣ) ಅಥವಾ ಬರೀ ಹಸಿರು. ಲಂಡನ್ ಮೇಲೆ ಹಾರಿಸಿದ ರಾಕೆಟ್ ಎಂದು ಹೆಸರು ಬರೆದು ಕಪ್ಪು-ಬಿಳುಪು ಪಟ್ಟೆ ಹಾಕುವುದು ಎಲ್ಲೆಡೆ ಕಾಣುವ ತಪ್ಪು.

ಕೈಬ್ರಷ್ಷು ಮತ್ತು ನೀರಿನ ಅಕ್ರಿಲಿಕ್: ಹಸಿರು ಮತ್ತು ಕ್ಯಾಮಫ್ಲಾಜಿಗೆ, ಅದರಲ್ಲೂ 1:72ಕ್ಕೆ, ಇದು ಚೆನ್ನಾಗಿ ಒಪ್ಪುತ್ತದೆ. 10 ಮಿ.ಮೀ. ಅಗಲದ ಮೆತ್ತನೆಯ ಚಪ್ಪಟೆ ಬ್ರಷ್, ಹಾಲಿನಷ್ಟು ತೆಳ್ಳಗೆ ಮಾಡಿದ ಬಣ್ಣ, ಮೂರು ನಾಲ್ಕು ಕೈ. ಮಳೆಗಾಲದಲ್ಲಿ ಒಂದೊಂದು ಕೈಗೂ ಅರ್ಧ ದಿನ ಬಿಡಬೇಕು, ಒಣಗದ ಪದರದ ಮೇಲೆ ಬ್ರಷ್ ಆಡಿಸಿದರೆ ಕೆಳಗಿನದು ಸುಲಿದುಬರುತ್ತದೆ. ಬಿಳಿಗೆ ಮಾತ್ರ ಇದು ಬೇಡವೇ ಬೇಡ. ಎಷ್ಟು ಕೈ ಹಚ್ಚಿದರೂ ಬ್ರಷ್ಷಿನ ಎಳೆ ಉಳಿಯುತ್ತದೆ.

ಸ್ಪ್ರೇ ಕ್ಯಾನ್: ಬಿಳಿಗೆ ಇದರಷ್ಟು ನುಣುಪು ಕೊಡುವುದು ಬೇರೆ ಇಲ್ಲ, ಆದರೆ ಒಣಹವೆ ಇರಬೇಕು. ಕ್ಯಾನಿನ ಲ್ಯಾಕರ್ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಹೊಳೆಯಬೇಕಾದ ಕಪ್ಪು ಹಾಲು ಬೆರೆಸಿದ ಹಾಗೆ ಮಂಕಾಗುವುದು ಇದರಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಕ್ಯಾನ್ ಮುಟ್ಟದಿರುವುದೇ ವಾಸಿ. ಅರಸೀಕೆರೆ ಕಡೆಯವರಿಗೆ ಇಷ್ಟು ತೊಂದರೆಯಿಲ್ಲ. ಡಿಸೆಂಬರಿನಲ್ಲೂ ಬೆಳಗಿನ ಇಬ್ಬನಿ ಆರಲಿ, 11ರಿಂದ 3 ಗಂಟೆಯ ನಡುವೆ ಹೊಡೆಯಿರಿ. ಕ್ಯಾನನ್ನು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಟ್ಟು, 20–25 ಸೆಂ.ಮೀ. ದೂರದಿಂದ, 15 ನಿಮಿಷದ ಅಂತರದಲ್ಲಿ ತೆಳುವಾಗಿ ಹೊಡೆಯಬೇಕು. ಕುದಿಯುವ ನೀರು, ಒಲೆ ಎರಡೂ ಅಪಾಯ. ಕಾಫಿ ಒಣಹಾಕಿದ ಕಣದ ಹತ್ತಿರವೂ ಬೇಡ, ಆ ದೂಳು ಹಸಿ ಬಿಳಿಯ ಮೇಲೆ ಕೂತರೆ ಮತ್ತೆ ಉಜ್ಜಬೇಕಾಗುತ್ತದೆ. ಮೂಗಿಗೆ ಬಟ್ಟೆ ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಏರ್‌ಬ್ರಷ್: ಒತ್ತಡದ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ ಇದು. ಕಂಪ್ರೆಸರ್ ಸೇರಿದರೆ ಖರ್ಚು ಹೆಚ್ಚು, ಆದರೆ ಮಳೆಗಾಲದಲ್ಲೂ ಬಿಳಿಯ ಕೆಲಸ ಸಾಗುವುದು ಇದೊಂದರಲ್ಲೇ. 0.3 ಮಿ.ಮೀ. ನಾಜಲ್, 15–20 ಪಿಎಸ್‌ಐ ಒತ್ತಡ. ಟಮಿಯಾ ಅಕ್ರಿಲಿಕ್ ಆದರೆ ಅದರದೇ ಥಿನ್ನರ್ ಸಮಪಾಲು. ನೀರು ಹಿಡಿಯುವ ಟ್ರ್ಯಾಪ್ ಇಲ್ಲದೆ ನಮ್ಮ ಕಡೆ ಏರ್‌ಬ್ರಷ್ ಹಿಡಿಯಬೇಡಿ. ಕಂಪ್ರೆಸರ್ ಹಿಂಡಿದ ಗಾಳಿಯ ನೀರು ಹನಿಯಾಗಿ ಬಣ್ಣದ ನಡುವೆ ಉಗುಳುತ್ತದೆ. ಟ್ರ್ಯಾಪನ್ನು ಆಗಾಗ ಖಾಲಿ ಮಾಡುತ್ತಿರಬೇಕು.

ಪಟ್ಟೆಗೆ ಯಾವಾಗಲೂ ಬಿಳಿ ಮೊದಲು, ಕಪ್ಪು ಆಮೇಲೆ. ಬಿಳಿಯನ್ನು ಎರಡು ದಿನ ಒಣಗಲು ಬಿಡದೆ ಟೇಪ್ ಹಚ್ಚಿದರೆ ಟೇಪಿನ ಗುರುತು ಅಚ್ಚೊತ್ತುತ್ತದೆ. ಒಡಲನ್ನು ನಾಲ್ಕು ಪಾಲು ಮಾಡಲು ದಪ್ಪನೆಯ ಜಾಗದಲ್ಲಿ ಕಾಗದದ ಪಟ್ಟಿ ಸುತ್ತಿ, ಸುತ್ತಳತೆ ಗುರುತಿಸಿ, ನಾಲ್ಕು ಮಡಿಸಿ. 1:72ಕ್ಕೆ ಒಂದು ಪಾಲು 18 ಮಿ.ಮೀ., 1:48ಕ್ಕೆ 27, 1:35ಕ್ಕೆ 37 ಬರಬೇಕು. ಮೂತಿ, ಬಾಲ ಎರಡೂ ಕಿರಿದಾಗುವುದರಿಂದ ಅಲ್ಲಿಗೆ ಬೇರೆ ಪಟ್ಟಿ. ಅಗಲ ಟೇಪ್ ಬಾಗಿದ ಕಡೆ ಸುಕ್ಕಾಗುತ್ತದೆ, 2 ಮಿ.ಮೀ. ಎಳೆಯಾಗಿ ಕತ್ತರಿಸಿ ಅಂಚಿಗೆ ಹಚ್ಚಿ, ಉಳಿದದ್ದನ್ನು ಅಗಲ ಟೇಪಿನಿಂದ ಮುಚ್ಚಿ. ಕಪ್ಪು ಹೊಡೆಯುವ ಮುಂಚೆ ಟೇಪಿನ ಅಂಚಿಗೆ ಇನ್ನೊಂದು ತೆಳು ಬಿಳಿ ಹೊಡೆದರೆ, ಒಳನುಸುಳುವುದೇನಿದ್ದರೂ ಬಿಳಿಯೇ ಆಗಿ ಗೆರೆ ಚೂಪಾಗಿ ನಿಲ್ಲುತ್ತದೆ. ಇದೊಂದನ್ನು ಮಾತ್ರ ತಪ್ಪಿಸಬೇಡಿ.

ಪ್ರದರ್ಶನಕ್ಕೆ ತೆರೆದ ಕಪಾಟು ಈ ಜಿಲ್ಲೆಗಳಿಗೆ ಹೊಂದುವುದಿಲ್ಲ. ಪ್ಲಾಸ್ಟಿಕ್ ಹಾಳಾಗದಿದ್ದರೂ ಅದರ ಮೇಲೆ ಕೂತ ದೂಳಿಗೆ, ಕೆಳಗಿನ ಮರಕ್ಕೆ ಬೂಷ್ಟು ಹಿಡಿಯುತ್ತದೆ, ಹಲ್ಲಿಯ ಕಾಟ ಬೇರೆ. ಅಕ್ರಿಲಿಕ್ ಡಬ್ಬಿ ಹಗುರ, ಆದರೆ ಒರೆಸಿದಷ್ಟೂ ಗೀರು, ಒಣಬಟ್ಟೆ ತಾಗಿದರೆ ದೂಳು ಸೆಳೆಯುತ್ತದೆ. ಊರಿನ ಗಾಜಿನ ಅಂಗಡಿಯಲ್ಲಿ 4 ಮಿ.ಮೀ. ಗಾಜು ಕೊಯ್ಸಿ ಸಿಲಿಕೋನಿನಿಂದ ಜೋಡಿಸಿದ್ದೇ ನಮಗೆ ಮೆಚ್ಚು. 1:48ಕ್ಕೆ ಒಳಗೆ 15 ಸೆಂ.ಮೀ. ಚೌಕ, 34 ಸೆಂ.ಮೀ. ಎತ್ತರ ಸಾಕು. ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋದ ಮೇಲೆ ಮಾದರಿ ಇಡಿ. ಪೀಠಕ್ಕೆ ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಹಲಗೆ ಆದೀತು, ತಳಕ್ಕೂ ವಾರ್ನಿಷ್ ಬಳಿಯದಿದ್ದರೆ ಒಂದೇ ಮಳೆಗಾಲಕ್ಕೆ ಬಾಗುತ್ತದೆ. ಮೂಲೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ 50 ಗ್ರಾಂ, ಕಿತ್ತಳೆ ಬಣ್ಣದ್ದು. ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಕಾಯಿಸಿ ಮತ್ತೆ ಇಡಬಹುದು. ಪೀಠಕ್ಕೂ ಗಾಜಿಗೂ ಸಂದಿ ಉಳಿದರೆ ಅದರಿಂದ ಪ್ರಯೋಜನವಿಲ್ಲ.

ಹೆಸರು ಫಲಕ ಚಿಕ್ಕದಿರಲಿ, ಪೂರ್ತಿ ಇರಲಿ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿರುವ ಹಾಸನದಲ್ಲಿ ಇದನ್ನು ನೋಡುವ ಶಾಲೆಯ ಮಕ್ಕಳು ಅಂತರಿಕ್ಷ ರಾಕೆಟ್ಟಿನ ಪೂರ್ವಜ ಎಂದೇ ನೋಡುತ್ತಾರೆ, ಅದು ನಿಜವೂ ಹೌದು. ಎತ್ತರ, ಇಂಧನವಾದ ಆಲ್ಕೋಹಾಲ್, ಅದನ್ನು ಉರಿಸುವ ದ್ರವ ಆಮ್ಲಜನಕ, ಸುಮಾರು ಒಂದು ಟನ್ ಸಿಡಿತಲೆ, ಇಷ್ಟನ್ನು ಬರೆದ ಮೇಲೆ ಇನ್ನೊಂದು ಸಾಲು ಬೇಕು: ಇವನ್ನು ಮಿಟ್ಟೆಲ್‌ವೆರ್ಕ್‌ನ ಸುರಂಗ ಕಾರ್ಖಾನೆಯಲ್ಲಿ ಕಟ್ಟಿದವರು ನಾಜಿಗಳ ಡೋರಾ ಯಾತನಾ ಶಿಬಿರದ ಕೈದಿಗಳು; ಆ ಶಿಬಿರದಲ್ಲಿ ಸಾವಿರಾರು ಜನ ಸತ್ತರು. ಫಲಕವನ್ನು ಗಾಜಿನ ಒಳಗೇ ಇಡಿ, ಹೊರಗೆ ಅಂಟಿಸಿದ ಕಾಗದ ಥಂಡಿಗೆ ಸುರುಳಿಯಾಗಿ ಬಿದ್ದುಹೋಗುತ್ತದೆ.