ನೈಲಾನ್-ಪಿಪಿ ಮಿಶ್ರಣದ ಟೆಸ್ಟ್ ಪ್ಯಾಕೇಜ್: ದುಡ್ಡು ಎಲ್ಲಿ ಹಾಕಬೇಕು?

ನೈಲಾನ್ 6ಕ್ಕೆ ಪಿಪಿ (ಪಾಲಿಪ್ರೊಪಿಲೀನ್) ಬೆರೆಸಿ ಮೋಲ್ಡಿಂಗ್ ಮಾಡುವವರು ಎರಡೂ ಹೊಂದಿಕೊಂಡಿವೆಯೇ ಎಂದು ನೋಡಲು ಲ್ಯಾಬಿಗೆ ಕಳಿಸಿದರೆ ಮೊದಲು ಕೈಗೆ ಬರುವುದು ಡಿಎಸ್‌ಸಿ ರಿಪೋರ್ಟ್. ಬಿಸಿ ಮಾಡುತ್ತಾ ಯಾವ ಡಿಗ್ರಿಗೆ ಏನು ಕರಗುತ್ತದೆ ಎಂದು ಗ್ರಾಫಿನಲ್ಲಿ ಶಿಖರಗಳಾಗಿ ತೋರಿಸುವ ಟೆಸ್ಟ್ ಅದು. ಈ ಜೋಡಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಪಿಪಿ ಸುಮಾರು 165 ಡಿಗ್ರಿಗೆ ಕರಗುತ್ತದೆ, ನೈಲಾನ್ 6 ಸುಮಾರು 220ಕ್ಕೆ. ಕಂಪ್ಯಾಟಿಬಿಲೈಸರ್ (ಎರಡನ್ನೂ ಬೆಸೆಯಲು ಸೇರಿಸುವ ವಸ್ತು) ಹಾಕಿದರೂ ಬಿಟ್ಟರೂ ಗ್ರಾಫಿನಲ್ಲಿ ಅವೇ ಎರಡು ಶಿಖರ. ರೀಸೈಕಲ್ ಪಿಪಿಯಲ್ಲಿ ಪಿಇ (ಪಾಲಿಥಿನ್) ಸೇರಿಕೊಂಡಿದ್ದರೆ 110–130ರ ನಡುವೆ ಇನ್ನೊಂದು ಶಿಖರ ಏಳುತ್ತದೆ. ಆ ಕಲಬೆರಕೆ ಹಿಡಿಯಲು ಮಾತ್ರ ಡಿಎಸ್‌ಸಿ ಒಳ್ಳೆಯದು.

ದುಡ್ಡು ಹಾಕಬೇಕಾದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ, ಅಂದರೆ ಎಸ್‌ಇಎಂಗೆ. ತುಂಡನ್ನು ದ್ರವ ನೈಟ್ರೋಜನ್‌ನಲ್ಲಿ ಅದ್ದಿ ಮುರಿದು, ಮುರಿದ ಮುಖಕ್ಕೆ ಚಿನ್ನದ ತೆಳು ಲೇಪನ ಕೊಟ್ಟು ನೋಡುತ್ತಾರೆ. ಹೊಂದಿಕೆಯಿಲ್ಲದ ಮಿಶ್ರಣದಲ್ಲಿ ಪಿಪಿ ಹನಿಗಳು ಹಲವು ಮೈಕ್ರಾನ್ ದಪ್ಪವಿದ್ದು, ಕಿತ್ತುಬಂದ ಜಾಗದಲ್ಲಿ ನುಣುಪಾದ ಗುಳಿಗಳು ಉಳಿದಿರುತ್ತವೆ, ಕಾಳು ಬಿಡಿಸಿದ ದಾಳಿಂಬೆ ಸಿಪ್ಪೆಯಂತೆ. ಮೇಲಿಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಿಪಿಯನ್ನು ಕಂಪ್ಯಾಟಿಬಿಲೈಸರ್ ಆಗಿ ಶೇ. 3ರಿಂದ 5 ಹಾಕಿ ಚೆನ್ನಾಗಿ ಬೆರೆಸಿದ್ದರೆ ಹನಿಗಳು ಒಂದು ಮೈಕ್ರಾನ್ ಆಸುಪಾಸಿಗೆ ಇಳಿಯುತ್ತವೆ, ಅಂಚು ನೈಲಾನಿಗೆ ಅಂಟಿಕೊಂಡೇ ಇರುತ್ತದೆ. ಹನಿ ಗುರುತಿಸಲು ಕಷ್ಟವಾದರೆ ಬಿಸಿ ಜೈಲೀನ್‌ನಲ್ಲಿ ಪಿಪಿಯನ್ನು ಕರಗಿಸಿ ತೆಗೆಯಲು ಹೇಳಿ. ಫೋಟೊ ತುಂಡಿನ ನಡುಭಾಗದ್ದೇ ಆಗಿರಲಿ; ಮೇಲ್ಪದರದಲ್ಲಿ ಹನಿಗಳು ಹರಿವಿನ ದಿಕ್ಕಿಗೆ ಎಳೆದು ಉದ್ದವಾಗಿರುವುದರಿಂದ ಲೆಕ್ಕ ತಪ್ಪುತ್ತದೆ.

ಕಡಿಮೆ ಖರ್ಚಿನಲ್ಲಿ ನಿಜವಾದ ಸುಳಿವು ಕೊಡುವುದು, ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವ ಎಂಎಫ್‌ಐ. ಅನ್‌ಹೈಡ್ರೈಡ್ ನೈಲಾನಿನ ಅಮೈನ್ ತುದಿಗೆ ಕೂಡಿಕೊಂಡರೆ ದ್ರವ ಮಂದವಾಗಿ ಎಂಎಫ್‌ಐ ಇಳಿಯುತ್ತದೆ. ಆದರೆ ನೈಲಾನ್ ತೇವವಾಗಿದ್ದರೆ ಕರಗುವಾಗ ಸರಪಳಿ ತುಂಡಾಗಿ ಎಂಎಫ್‌ಐ ಏರುತ್ತದೆ, ಫಲಿತಾಂಶ ತಲೆಕೆಳಗು. 80 ಡಿಗ್ರಿಯಲ್ಲಿ ಒಣಗಿಸಿ, ತೇವಾಂಶ ಶೇ. 0.2ಕ್ಕಿಂತ ಕೆಳಗಿದೆ ಎಂದು ಖಚಿತವಾದ ಮೇಲೆಯೇ ಟೆಸ್ಟ್ ಮಾಡಿಸಬೇಕು.

ಬಾರಿಗೆ ಪೆಟ್ಟು ಕೊಟ್ಟು ಮುರಿಯುವ ಐಜೋಡ್ ಇಂಪ್ಯಾಕ್ಟ್ ಟೆಸ್ಟಿನಲ್ಲೂ ತೇವವೇ ಶತ್ರು. ನೀರು ಕುಡಿದ ನೈಲಾನ್ ಮೆತ್ತಗಾಗಿ ಹೆಚ್ಚು ಪೆಟ್ಟು ತಡೆಯುತ್ತದೆ, ಕಂಪ್ಯಾಟಿಬಿಲೈಸರ್ ಕೆಲಸ ಮಾಡಿದೆ ಎಂಬ ಭ್ರಮೆ ಹುಟ್ಟುತ್ತದೆ. ಮೋಲ್ಡ್ ಆದ ತಕ್ಷಣ ಬಾರ್‌ಗಳನ್ನು ಫಾಯಿಲ್ ಚೀಲದಲ್ಲಿ ಸೀಲ್ ಮಾಡಿ ಕಳಿಸಿ. ಒಣ ಸ್ಥಿತಿಯಲ್ಲಿ ಟೆಸ್ಟ್ ಮಾಡಿದ್ದೋ ಕಂಡೀಷನ್ ಮಾಡಿ (ಗೊತ್ತಾದಷ್ಟು ತೇವ ಹೀರಿಸಿ) ಮಾಡಿದ್ದೋ ಎಂದು ರಿಪೋರ್ಟಿನಲ್ಲಿ ಬರೆಸಿಕೊಳ್ಳಿ. ಬಾರಿನ ಮೇಲಿನ ಕಚ್ಚನ್ನು (ನಾಚ್) ಮೋಲ್ಡಿನಲ್ಲೇ ಮೂಡಿಸದೆ ಆಮೇಲೆ ಕಟರ್‌ನಲ್ಲಿ ಕತ್ತರಿಸಬೇಕು, ತುದಿಯ ತ್ರಿಜ್ಯ 0.25 ಮಿ.ಮೀ.

ಕಂಪ್ಯಾಟಿಬಿಲೈಸರ್ ಇಲ್ಲದ ಅದೇ ಮಿಶ್ರಣವನ್ನೂ ಅದೇ ಎಕ್ಸ್‌ಟ್ರೂಡರ್, ಅದೇ ಸ್ಕ್ರೂ ವೇಗದಲ್ಲಿ ತೆಗೆದು ಹೋಲಿಸಲು ಜೊತೆಗೆ ಕೊಡಿ. ಇದನ್ನು ಕೇಳದೆ ಸ್ಯಾಂಪಲ್ ಇಳಿಸಿಕೊಳ್ಳುವ ಲ್ಯಾಬಿಗೆ ಮತ್ತೆ ಹೋಗಬೇಡಿ.