ಇಂಟರ್‌ವ್ಯೂನಲ್ಲಿ ಕೊಟ್ಟ ಕೋಡ್ ರನ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಕೆಲಸ ಹುಡುಕುತ್ತಿರುವ ಡೆವಲಪರ್‌ಗಳು, ಅದರಲ್ಲೂ ರಿಯಾಕ್ಟ್, ನೋಡ್ ಕಡೆಯವರು ದಯವಿಟ್ಟು ಪೂರ್ತಿ ಓದಿ. ಇದು ನನ್ನ ರೂಮ್‌ಮೇಟ್‌ಗೆ ಆದದ್ದು. "ಹೆಸರು ಬಿಟ್ಟು ಬರಿ ಮಗಾ, ಇನ್ನೊಬ್ಬರಾದರೂ ಉಳೀಲಿ" ಅಂತ ಅವನೇ ಹೇಳಿದ.

ಲೇಆಫ್‌ನಲ್ಲಿ ಅವನ ಕೆಲಸ ಹೋಗಿತ್ತು. ಬೆಳಗ್ಗೆ ಎದ್ದರೆ ನೌಕ್ರಿಯಲ್ಲಿ ಪ್ರೊಫೈಲ್ ಅಪ್‌ಡೇಟ್ ಮಾಡೋದು, ಲಿಂಕ್ಡ್‌ಇನ್‌ನಲ್ಲಿ ಗೊತ್ತಿದ್ದವರ ಹತ್ತಿರ ರೆಫರಲ್ ಕೇಳೋದು, ಇದೇ ದಿನಚರಿ. ಎಲ್ಲಾ ರೌಂಡ್ ಮುಗಿಸಿ ಆಮೇಲೆ ಫೋನೇ ಎತ್ತದ ಎಚ್‌ಆರ್‌ಗಳ ಕಥೆ ಬೇರೆಯೇ ಇದೆ, ಇಲ್ಲಿ ಬೇಡ. ಅಂಥ ಹೊತ್ತಿನಲ್ಲಿ ಲಿಂಕ್ಡ್‌ಇನ್‌ನಲ್ಲಿ ಒಂದು ಮೆಸೇಜ್ ಬಂತು. ಹೊರದೇಶದ ಸ್ಟಾರ್ಟಪ್, ಪೂರ್ತಿ ರಿಮೋಟ್, ಡಾಲರ್ ಸಂಬಳ, ನೋಟಿಸ್ ಪೀರಿಯಡ್ ತಲೆನೋವಿಲ್ಲ. ಪ್ರೊಫೈಲ್‌ಗೆ ಫೋಟೋ ಇತ್ತು, ಹಳೇ ಪೋಸ್ಟ್‌ಗಳಿದ್ದವು. ನಮಗೆ ಗೊತ್ತಿರುವ ಒಂದಿಬ್ಬರು ಅವರ ಕನೆಕ್ಷನ್‌ನಲ್ಲೂ ಇದ್ದರು. ಅನುಮಾನ ಬರುವಂಥದ್ದು ಏನೂ ಇರಲಿಲ್ಲ.

ವಿಡಿಯೋ ಕಾಲ್‌ನಲ್ಲಿ ಎದುರಿನವನು ನೆಟ್‌ವರ್ಕ್ ಸರಿಯಿಲ್ಲ ಅಂತ ಕ್ಯಾಮೆರಾ ಹಾಕಲಿಲ್ಲ. ಆದರೆ ಪ್ರಶ್ನೆಗಳು ಸರಿಯಾಗೇ ಇದ್ದವು. ಹುಕ್ಸ್, ಸ್ಟೇಟ್, ಎಪಿಐ ಕರೆ ಸೋತರೆ ಏನು ಮಾಡ್ತೀಯ, ಇಂಥವು. ವಿಷಯ ಗೊತ್ತಿದ್ದವನೇ ಕೇಳುವಂಥ ಪ್ರಶ್ನೆಗಳು. ಆಮೇಲೆ ಚಾಟ್‌ನಲ್ಲಿ ಒಂದು ರೆಪೊ (ಆನ್‌ಲೈನ್‌ನಲ್ಲಿಟ್ಟ ಕೋಡ್ ಫೋಲ್ಡರ್) ಲಿಂಕ್ ಬಂತು. "ಇದು ನಮ್ಮ ಪ್ರಾಡಕ್ಟ್‌ನ ಡೆಮೊ. ಲಾಗಿನ್ ಪೇಜಲ್ಲಿ ಬಗ್ ಇದೆ. ಕ್ಲೋನ್ ಮಾಡಿ, ರನ್ ಮಾಡಿ, ಸ್ಕ್ರೀನ್ ಶೇರ್‌ನಲ್ಲೇ ಸರಿ ಮಾಡಿ ತೋರಿಸಿ" ಅಂದರು.

"ಒಂದು ಸಲ ಕೋಡ್ ನೋಡ್ಕೊಳ್ಳಲಾ?" ಅಂತ ಇವನು ಕೇಳಿದ. "ಟೈಮ್ ಕಮ್ಮಿ ಇದೆ, ಮೊದಲು ರನ್ ಮಾಡಿ, ಆಮೇಲೆ ಆರಾಮಾಗಿ ನೋಡಿ" ಅಂತ ಉತ್ತರ ಬಂತು.

ಅವರ ಆಟ ಇರುವುದೇ ಇಲ್ಲಿ. ಬೇರೆ ದಿನ ಗುರುತಿಲ್ಲದವರು ಕೋಡ್ ಕಳಿಸಿದರೆ ನಾವು ಹತ್ತು ಸಲ ಯೋಚಿಸುತ್ತೇವೆ. ಇಂಟರ್‌ವ್ಯೂನಲ್ಲಿ ಕೂತಾಗ, ಅದೂ ಕೆಲಸ ಇಲ್ಲದಾಗ, "ಆಗಲ್ಲ" ಅನ್ನೋಕೆ ಬಾಯೇ ಬರಲ್ಲ. ಅನುಭವಿ ಇಂಜಿನಿಯರ್ ಹೇಗೆ ಬಿದ್ದ ಅಂತ ನಗುವವರು ಆ ಕುರ್ಚಿಯಲ್ಲಿ ಕೂತು ನೋಡಬೇಕು.

ಇವನು ಎರಡು ಕಮಾಂಡ್ ಕೊಟ್ಟ: ಬೇಕಾದ ಪ್ಯಾಕೇಜ್ ತರೋಕೆ ಎನ್‌ಪಿಎಂ ಇನ್‌ಸ್ಟಾಲ್, ಆಪ್ ಶುರು ಮಾಡೋಕೆ ಎನ್‌ಪಿಎಂ ಸ್ಟಾರ್ಟ್. ಆಪ್ ನಿಜವಾಗಿಯೂ ತೆರೆದುಕೊಂಡಿತು. ಬಗ್ ಕೂಡ ನಿಜವಾದದ್ದೇ, ಇವನು ಸರಿ ಮಾಡಿದ. "ವೆರಿ ಗುಡ್, ಎಚ್‌ಆರ್ ಕಾಲ್ ಮಾಡ್ತಾರೆ" ಅಂದರು. ಸಂಜೆ ಹೊತ್ತಿಗೆ ಆ ಪ್ರೊಫೈಲೇ ಇರಲಿಲ್ಲ. ರಾತ್ರಿ ಜಿಮೇಲ್‌ನಲ್ಲಿ ಗುರುತಿಲ್ಲದ ಲಾಗಿನ್ ಎಚ್ಚರಿಕೆ. ಬೆಳಗಾಗುವಷ್ಟರಲ್ಲಿ ಬ್ರೌಸರ್‌ನ ಕ್ರಿಪ್ಟೊ ವಾಲೆಟ್ ಖಾಲಿ. ದೊಡ್ಡ ಮೊತ್ತ ಅಲ್ಲ, ಆದರೆ ಕೆಲಸ ಇಲ್ಲದವನಿಗೆ ಅದೇ ಬಾಡಿಗೆ ದುಡ್ಡು.

ನಾನು ಆ ರೆಪೊವನ್ನು ಬ್ರೌಸರ್‌ನಲ್ಲೇ ತೆರೆದು ಒಂದೊಂದೇ ಫೈಲ್ ನೋಡಿದೆ. ಸರ್ವರ್ ಫೋಲ್ಡರ್‌ನಲ್ಲಿ ಚಿಕ್ಕದೊಂದು ಕಾನ್ಫಿಗ್ ಫೈಲ್. ನೋಡೋಕೆ ಕೆಲವೇ ಸಾಲು, ಡೇಟಾಬೇಸ್ ಹೆಸರು, ಪೋರ್ಟ್ ನಂಬರ್, ಅಷ್ಟೇ. ಆದರೆ ಕೆಳಗಿನ ಅಡ್ಡ ಸ್ಕ್ರಾಲ್‌ಬಾರ್ ಮಾತ್ರ ಇಷ್ಟೇ ಇಷ್ಟು ಚಿಕ್ಕದು. ಬಲಕ್ಕೆ ಎಳೆಯುತ್ತಾ ಹೋದೆ. ಬರೀ ಖಾಲಿ ಜಾಗ. ಇನ್ನೂ ಎಳೆದೆ. ಒಂದು ಸಾಲಿನ ಸೆಮಿಕೋಲನ್ ಆದಮೇಲೆ ನೂರಾರು ಸ್ಪೇಸ್ ದಾಟಿ, ಸ್ಕ್ರೀನಿನ ಆಚೆ, ಅರ್ಥವಾಗದ ಅಕ್ಷರಗಳ ರಾಶಿ ಕೂತಿತ್ತು. ಬಚ್ಚಿಟ್ಟ ಕಳ್ಳ ಕೋಡ್ ಅದೇ. ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ, ಉದ್ದ ಸಾಲನ್ನು ಮಡಚುವ ವರ್ಡ್ ರ‍್ಯಾಪ್ ಆಫ್ ಇದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ. ಆಲ್ಟ್ ಮತ್ತು ಝಡ್ ಒತ್ತಿದರೆ ಸಾಲು ಮಡಚಿಕೊಂಡು ಎಲ್ಲಾ ಹೊರಗೆ ಬರುತ್ತದೆ.

ಇದೇನೂ ಹೊಸ ಆಟವಲ್ಲ. ಸೈಬರ್ ಭದ್ರತಾ ಕಂಪನಿ ಪಾಲೋ ಆಲ್ಟೊ ನೆಟ್‌ವರ್ಕ್ಸ್‌ನ ಯೂನಿಟ್ 42 ತಂಡ 2023ರ ನವೆಂಬರ್‌ನಲ್ಲೇ ಇದರ ಬಗ್ಗೆ ಬರೆದು, 'ಕಂಟೇಜಿಯಸ್ ಇಂಟರ್‌ವ್ಯೂ' ಅಂತ ಹೆಸರಿಟ್ಟು, ಉತ್ತರ ಕೊರಿಯಾದ ಕಡೆ ಬೆರಳು ತೋರಿಸಿತ್ತು. ಮೊದಲು ಬೀವರ್‌ಟೇಲ್ ಅನ್ನುವ ಜಾವಾಸ್ಕ್ರಿಪ್ಟ್ ಮಾಲ್‌ವೇರ್ ಬ್ರೌಸರ್‌ನಲ್ಲಿರುವ ಮಾಹಿತಿ, ವಾಲೆಟ್ ವಿವರ ಬಾಚಿಕೊಳ್ಳುತ್ತದೆ. ಅದರ ಬೆನ್ನಿಗೇ ಇನ್‌ವಿಸಿಬಲ್‌ಫೆರೆಟ್ ಅನ್ನುವ ಪೈಥಾನ್ ಮಾಲ್‌ವೇರ್ ಬಂದು ಕೂತು, ನೀವು ಒತ್ತುವ ಕೀಗಳನ್ನೂ ಕದಿಯುತ್ತದೆ. ಗುಂಪು ಯಾವುದಾದರೂ ಇರಲಿ, ನಮ್ಮವನಿಗೆ ಹಾಕಿದ ಬಲೆ ಮಾತ್ರ ಅದೇ ಥರದ್ದು.

ಒಂದು ಪುಣ್ಯ, ಇವನ ಕೈಯಲ್ಲಿ ಆಫೀಸ್ ಲ್ಯಾಪ್‌ಟಾಪ್ ಇರಲಿಲ್ಲ. 2025ರ ಜುಲೈನಲ್ಲಿ ಕ್ರಿಪ್ಟೊ ಎಕ್ಸ್‌ಚೇಂಜ್ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋದಾಗ ಬೆಂಗಳೂರಿನಲ್ಲಿ ಅದರ ಒಬ್ಬ ಇಂಜಿನಿಯರ್‌ನನ್ನು ಪೊಲೀಸರು ಬಂಧಿಸಿದ್ದು ನೆನಪಿದೆಯಲ್ವಾ? ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಹೊರಗಿನವರ ಪಾರ್ಟ್‌ಟೈಮ್ ಕೆಲಸ ಮಾಡಿದ, ಆ ದಾರಿಯಲ್ಲೇ ಕಳ್ಳರು ಒಳಗೆ ಬಂದರು ಅನ್ನುವುದು ಪೊಲೀಸರ ಅನುಮಾನವಾಗಿತ್ತು. ಹಾಗಾಗಿ ಆಫೀಸ್ ಮಷಿನ್‌ನಲ್ಲಿ ಇಂಟರ್‌ವ್ಯೂ ಟೆಸ್ಟ್ ಅಂತೂ ಬೇಡವೇ ಬೇಡ.

ಹಾಗಂತ ಮನೆಗೆ ಅಸೈನ್‌ಮೆಂಟ್ ಕೊಡುವ ಕಂಪನಿಗಳೆಲ್ಲ ಕಳ್ಳರಲ್ಲ. ಕೋಡ್ ಕೊಟ್ಟರೆ ಗಿಟ್‌ಹಬ್ ಕೋಡ್‌ಸ್ಪೇಸಸ್‌ನಲ್ಲೋ (ಬ್ರೌಸರ್‌ನಲ್ಲೇ ಸಿಗುವ, ನಿಮ್ಮ ಲ್ಯಾಪ್‌ಟಾಪ್‌ನ ಹೊರಗಿನ ಕಂಪ್ಯೂಟರ್), ನಿಮ್ಮ ಫೈಲ್, ಅಕೌಂಟ್ ಏನೂ ಇಲ್ಲದ ವರ್ಚುವಲ್ ಮಷಿನ್‌ನಲ್ಲೋ ಓಡಿಸಿ. "ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಲ್ಲ, ಬ್ರೌಸರ್‌ನಲ್ಲಿ ಮಾಡ್ತೀನಿ" ಅಂತ ನೇರವಾಗಿ ಹೇಳಿ. ನಿಜವಾದ ಕಂಪನಿಗೆ ಇದರಿಂದ ಏನೂ ತೊಂದರೆ ಇಲ್ಲ. ಸಿಟ್ಟು ಬಂದರೆ, ಅವಸರ ಮಾಡಿದರೆ, ಕಾಲ್ ಕಟ್ ಮಾಡಿ. ಇನ್‌ಸ್ಟಾಲ್ ಮಾಡುವಾಗ ಸ್ಕ್ರಿಪ್ಟ್‌ಗಳನ್ನು ತಡೆಯುವ ಆಯ್ಕೆ ಎನ್‌ಪಿಎಂನಲ್ಲಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಆಪ್ ಸ್ಟಾರ್ಟ್ ಮಾಡಿದ ಕೂಡಲೇ ಒಳಗಿರುವ ಕೋಡ್ ಓಡೇ ಓಡುತ್ತದೆ. ವಿಎಸ್ ಕೋಡ್ "ಈ ಫೋಲ್ಡರ್ ಬರೆದವರನ್ನು ನಂಬುತ್ತೀರಾ" ಅಂತ ಕೇಳಿದಾಗ ಸುಮ್ನೆ ಯೆಸ್ ಒತ್ತಬೇಡಿ. ಫೋಲ್ಡರ್ ತೆರೆದ ತಕ್ಷಣ ತಾನಾಗೇ ಓಡುವ ಟಾಸ್ಕ್‌ಗಳನ್ನೂ ಒಳಗೆ ಇಟ್ಟಿರುತ್ತಾರೆ. ಇನ್ನೊಂದು ನಮೂನೆಯೂ ಇದೆ: ವಿಡಿಯೋ ಇಂಟರ್‌ವ್ಯೂ ಪೇಜ್‌ನಲ್ಲಿ "ಕ್ಯಾಮೆರಾ ಕೆಲಸ ಮಾಡ್ತಿಲ್ಲ, ಈ ಕಮಾಂಡ್ ಟರ್ಮಿನಲ್‌ಗೆ ಹಾಕಿ" ಅಂತ ತೋರಿಸುತ್ತಾರೆ. ಹಾಕಿದರೆ ಕಥೆ ಮುಗಿಯಿತು.

ಈಗಾಗಲೇ ರನ್ ಮಾಡಿದ್ದೀರಾ? ಮೊದಲು ವೈಫೈ ಆಫ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನ್ ಅಥವಾ ಲ್ಯಾಪ್‌ಟಾಪ್‌ನಿಂದ ಬದಲಿಸಿ. ಅದೇ ಮಷಿನ್‌ನಲ್ಲಿ ಬದಲಿಸಿದರೆ ಹೊಸದೂ ಅವರ ಕೈಗೇ ಹೋಗುತ್ತದೆ. ಎಲ್ಲಾ ಕಡೆ ಲಾಗ್‌ಔಟ್ ಕೊಡಿ, ಯಾಕೆಂದರೆ ಕದ್ದ ಕುಕಿ (ನೀವು ಲಾಗಿನ್ ಆಗಿದ್ದೀರಿ ಅಂತ ಬ್ರೌಸರ್ ಇಟ್ಟುಕೊಳ್ಳುವ ಗುರುತು) ಇದ್ದರೆ ಓಟಿಪಿ ಕೂಡ ಬೇಕಾಗುವುದಿಲ್ಲ. ಎಸ್‌ಎಸ್‌ಎಚ್ ಕೀ, ಗಿಟ್‌ಹಬ್ ಟೋಕನ್, ಕ್ಲೌಡ್ ಕೀ ಎಲ್ಲಾ ರದ್ದು ಮಾಡಿ. ವಾಲೆಟ್‌ನಲ್ಲಿ ಏನಾದರೂ ಉಳಿದಿದ್ದರೆ ಹೊಸ ವಾಲೆಟ್‌ಗೆ ಸಾಗಿಸಿ. ಆಮೇಲೆ ಲ್ಯಾಪ್‌ಟಾಪ್ ಫಾರ್ಮ್ಯಾಟ್. ಬ್ಯಾಂಕ್ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಕ್ರಿಪ್ಟೊ ವಾಪಸ್ ಬರುವುದು ಕಷ್ಟ, ಆದರೂ ದೂರು ಕೊಡಿ. ನಿಮ್ಮ ಅಕೌಂಟ್ ಬಳಸಿ ನಾಳೆ ಅವರು ಏನಾದರೂ ಮಾಡಿದರೆ ಆ ದೂರಿನ ಪ್ರತಿ ಬೇಕಾಗುತ್ತದೆ.

ನಾವು ರಿಪೋರ್ಟ್ ಮಾಡಿದ ಮೇಲೆ ಆ ರೆಪೊ ಹೋಯಿತು. ಆದರೆ ಅದೇ ಲಾಗಿನ್ ಪೇಜ್, ಅದೇ ಬಗ್ ಈಗ ಬೇರೆ ಕಂಪನಿ ಹೆಸರಲ್ಲಿ ನನ್ನ ಟೀಮಿನ ಹುಡುಗಿಯೊಬ್ಬಳಿಗೆ ಬಂದಿದೆ. ನಿಮಗೂ ಬಂದರೆ ರನ್ ಮಾಡಬೇಡಿ. ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್, ಗಿಟ್‌ಹಬ್‌ನಲ್ಲಿ ರೆಪೊ, ಎರಡನ್ನೂ ರಿಪೋರ್ಟ್ ಮಾಡಿ.