ಸಪ್ತಾಪುರದ ಬಾಡಿಗೆ ಮನೆಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆ
ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್‌ಗಳು ಜಾಸ್ತಿ. ಬಾಡಿಗೆಗೆ ಹುಡುಗರು ಸಿಗುತ್ತಾರೆ, ಆದರೆ ಗೋಡೆ ಒದ್ದೆಯಾದರೆ ಯಾರು ಉಳಿಯುತ್ತಾರೆ? ಈ ತಂಡದವರು ಸುಮ್ನೆ ಪೇಂಟ್ ಬಳಿದು ಹೋಗಲಿಲ್ಲ. ಮೊದಲು ತಾರಸಿಯಲ್ಲಿ ನೀರು ನಿಲ್ಲಿಸಿ ಸೋರುವ ಜಾಗ ಹುಡುಕಿದರು. ಬಿರುಕು ಕೆತ್ತಿ ತುಂಬಿದರು. ನೀರು ಪೈಪಿನ ಕಡೆಗೇ ಹರಿಯುವಂತೆ ಇಳಿಜಾರು ಸರಿ ಮಾಡಿದರು, ಗೋಡೆ ಮತ್ತು ತಾರಸಿ ಸೇರುವ ಮೂಲೆಗಳನ್ನು ಸಿಮೆಂಟಿನಿಂದ ದುಂಡಗೆ ಕಟ್ಟಿದರು. ಕೋಟಿಂಗ್ ಬಂದದ್ದು ಕೊನೆಗೆ. ಕೆಲಸ ನೋಡಿ ಖುಷಿಯಾಯಿತು.

ಹೇಳಿದ ದಿನಕ್ಕೆ ಮುಗಿಸಲಿಲ್ಲ, ಅದು ಬೇಸರ. ಮನೆ ಖಾಲಿ ಇದ್ದಷ್ಟು ದಿನ ಬಾಡಿಗೆ ನಷ್ಟ ಅಲ್ವಾ? ಆದರೂ ಈ ಮಳೆಗಾಲ ಒಂದು ಹನಿ ಸೋರಿಲ್ಲ. ಹುಡುಗರು 11 ತಿಂಗಳ ಕರಾರನ್ನು ಮತ್ತೆ ಮಾಡಿಕೊಂಡರು, ಬಾಡಿಗೆ ಸ್ವಲ್ಪ ಏರಿಸಿದ್ದಕ್ಕೂ ತಕರಾರಿಲ್ಲ. ಮಾಡಿಸುವುದಿದ್ದರೆ ಬೇಸಿಗೆಯಲ್ಲೇ ಕರೆಸಿ. ಒದ್ದೆ ತಾರಸಿಗೆ ಕೋಟಿಂಗ್ ಹಿಡಿಯುವುದಿಲ್ಲ.